ಗಾಡಿ ತುಂಬ ತೆರ

ಹರ್ಗೇಸಾದ ಪೇಟೆಯಲ್ಲಿ ನನ್ನ ಗಾಡಿಗೆ ಒಂದೇ ಗಾಲಿ.
ಹದಿನೇಳು ವರ್ಷ ಇದರಲ್ಲಿ ದುಡ್ಡು ನೂಕಿದ್ದೇನೆ,
ನನ್ನದಲ್ಲ.

ಆಗ ಶಿಲ್ಲಿಂಗು ಅಂದರೆ ಇಟ್ಟಿಗೆ.
ಸರಾಫರು ಬೀದಿಬದಿಯಲ್ಲಿ ನೋಟಿನ ಗೋಡೆ ಕಟ್ಟಿ
ಅದರ ಹಿಂದೆ ಕೂತು ಹಲ್ಲುಕಡ್ಡಿ ಜಗಿಯುತ್ತಿದ್ದರು.
ಮಧ್ಯಾಹ್ನ ಬಾಂಗು ಕೇಳಿದರೆ
ಮೇಲೊಂದು ಬಟ್ಟೆ ಹೊದಿಸಿ, ನಾಲ್ಕು ಕಲ್ಲು ಹೇರಿ
ನಮಾಜಿಗೆ ನಡೆದುಬಿಡುತ್ತಿದ್ದರು.
ಕಲ್ಲು ಗಾಳಿಗೆ. ಕಳ್ಳರಿಗಲ್ಲ.

ಒಂದು ಫ್ರಿಜ್ಜಿಗೆ ಎರಡು ಚೀಲ ನೋಟು.
ಹೋಗುವಾಗ ಬೆಲೆ ನೂಕಿ, ಬರುವಾಗ ಸರಕು ನೂಕಿ
ನೋಡಿದ್ದೇನೆ, ಬೆಲೆಯೇ ಭಾರ.
ಬಿಸಿಲೇರಿದರೆ ಚೀಲ ವಾಸನೆ ಬಿಡುತ್ತಿತ್ತು:
ಆಡಿನ ಮೈ, ಬೆವರು, ಏಲಕ್ಕಿ ಚಹಾ,
ಯಾರದೋ ಜೇಬಿನಲ್ಲಿ ಮರೆತ ಖರ್ಜೂರ.

ಈಗ ಊರಿನ ಹೆಬ್ಬೆರಳಿಗೆಲ್ಲ ಒಂದೇ ಪಾಠ:
ನಕ್ಷತ್ರ, ಮೂರಂಕಿ, ನಕ್ಷತ್ರ,
ಕೊನೆಗೆ ಆ ಮುರುಕು ಬೇಲಿಯಂಥ ಗುರುತು.
ಚಹಾದ ದೇಕಾ ತನ್ನ ನಂಬರನ್ನು ತಗಡಿಗೆ ಬಳಿಸಿದ್ದಾಳೆ.
ಮಸೀದಿ ಮೆಟ್ಟಿಲ ಕುರುಡ, ಮುದುಕ ಶೀರೆ,
ತನ್ನದನ್ನು ರಟ್ಟಿನ ಮೇಲೆ ಬರೆಸಿ ಕೊರಳಿಗೆ ಕಟ್ಟಿಕೊಂಡಿದ್ದಾನೆ.
ಬರೆದುಕೊಟ್ಟವನು ನಾನು.
ಅವನು ಹೇಳಿದ್ದು ಏಳೋ, ನಾನು ಗೀಚಿದ್ದು ಒಂದೋ,
ಅವನ ಭಿಕ್ಷೆಯೆಲ್ಲ ಯಾವ ಊರಿನ ಯಾರ ಪಾಲೋ
ಎಂದು ಒಮ್ಮೊಮ್ಮೆ ನಿದ್ದೆ ಹತ್ತುವುದಿಲ್ಲ.

ನಾನು ಕಲ್ಲಂಗಡಿ ನೂಕುತ್ತೇನೆ. ನೀರಿನ ಡಬ್ಬ.
ಒಮ್ಮೆ ಒಂದು ಕುಂಟ ಆಡು, ದಾರಿಯುದ್ದಕ್ಕೂ ನನ್ನನ್ನೇ ನೋಡುತ್ತ.
ಹಣವೆಂದರೆ ಹೆಣವೂ ಬಾಯಿ ಬಿಡುತ್ತದೆ, ಸರಿ.
ಈ ಹಣಕ್ಕೇ ಬಾಯಿಲ್ಲ, ಮೈಯಿಲ್ಲ,
ನೂಕೋಣವೆಂದರೆ ಬೆನ್ನೂ ಇಲ್ಲ.

ಹೋದ ಗುರುವಾರ ಸಮತರ್ ಹಾಜಿಯ ಮನೆಯಲ್ಲಿ ತೆರದ ಮಾತು.
ಗಂಡಿನ ಕಡೆಯ ಹಿರಿಯರು ಚಾಪೆಯ ಮೇಲೆ ಹನ್ನೆರಡು ಜನ.
ಕೋಶಿನನ ಸೋದರಮಾವ ಬಿಸ್ಮಿಲ್ಲಾ ಎಂದು ಗುಂಡಿ ಒತ್ತಿದ.
ಹಾಜಿಯ ಅಂಗಿಯೊಳಗೆ ಏನೋ
ಟಿಣ್ ಅಂದಿತು.
‘ಮುಗಿಯಿತು’ ಅಂದ ಮಾವ.
‘ಏನು ಮುಗಿಯಿತು?’
‘ತಲುಪಿತು.’
‘ನನ್ನ ಮಗಳ ತೆರ ಒಂದು ಸೊಳ್ಳೆಯ ಸದ್ದೇ?
ನಮ್ಮಪ್ಪ ನಮ್ಮವ್ವನ ತೆರಕ್ಕೆ
ಅರವತ್ತು ಒಂಟೆ ಹೊಡೆದುಕೊಂಡು ಬಂದಿದ್ದ,
ಎದ್ದ ಧೂಳು ಇಳಿಯಲು ಅರ್ಧ ದಿನ ಹಿಡಿದಿತ್ತಂತೆ.
ಧೂಳೇಳಬೇಕು. ಬೀದಿ ನೋಡಬೇಕು.’

ಹೀಗೆ ನನಗೆ ಕರೆ ಬಂತು.
ನಮ್ಮ ಸಾಲಿನಲ್ಲಿ ಉಳಿದ ಐವರು ಸರಾಫರನ್ನೂ ಬರಿದು ಮಾಡಿ
ಫೋನಿನಿಂದ ದುಡ್ಡು ಇಳಿಸಿ, ಕಟ್ಟಿ, ಪೇರಿಸಿ
ಹೊರಟೆ.
ಗಾಲಿ ಕಿರುಗುಟ್ಟಿತು, ಹಳೆಯ ನೆಂಟನ ಗುರುತು ಸಿಕ್ಕ ಹಾಗೆ.
ಎಂಟು ಓಣಿ. ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕಿದರು.
ತಿರುವಿನಲ್ಲಿ ಒಂದು ಕಟ್ಟು ಜಾರಿ ಬಿತ್ತು.
ಐದು ವರ್ಷದ ಪೋರನೊಬ್ಬ ಎತ್ತಿಕೊಟ್ಟು ಕೇಳಿದ:
‘ಅಜ್ಜ, ಯಾವ ಪುಸ್ತಕ ಇದು?
ಎಲ್ಲಾ ಪುಟದಲ್ಲೂ ಒಂದೇ ಚಿತ್ರ.’
ನಾನು ಹೇಳಲಿಲ್ಲ, ದಮ್ಮು ಹತ್ತಿತ್ತು.

ಹಾಜಿ ಹೊಸ್ತಿಲಲ್ಲೇ ಒಂದು ಕಟ್ಟು ಎತ್ತಿ ಮೂಸಿ
ಕಣ್ಣು ಮುಚ್ಚಿದ.
ಉಬಾ ಕಿಟಕಿಯಲ್ಲಿ ನಗುತ್ತ ಫೋನು ಹಿಡಿದು
ತನ್ನ ಬೆಲೆಯ ಚಿತ್ರ ತೆಗೆದುಕೊಂಡಳು.

ಸಂಜೆಯ ನಮಾಜಿಗೆ ಮುಂಚೆ
ಅದೇ ಹಾಜಿ, ಅದೇ ಕಟ್ಟು, ಅದೇ ಗಾಡಿ:
‘ವಾಪಸು ಫೋನಿಗೆ ಹಾಕಿಸು, ಮನೆಯಲ್ಲಿ ಇಲಿ ಕಾಟ.’
ಬಂದ ದಾರಿಯಲ್ಲೇ ಎಂಟು ಓಣಿ.
ಯಾರೂ ಕೇಕೆ ಹಾಕಲಿಲ್ಲ.

ನನ್ನ ಕೂಲಿ?
ಟಿಣ್.

ಕತ್ತಲಾದ ಮೇಲೆ ಮಸೀದಿ ಮೆಟ್ಟಿಲ ಬಳಿ ಗಾಡಿ ನಿಲ್ಲಿಸಿದೆ.
ಶೀರೆ ತೂಕಡಿಸುತ್ತಿದ್ದ, ರಟ್ಟು ಎದೆಯ ಮೇಲೆ ಏರಿಳಿಯುತ್ತಿತ್ತು.
ಒಂದೊಂದೇ ಅಂಕಿ ನೋಡಿ ಒತ್ತಿದೆ,
ನಾನೇ ಬರೆದ ಹಾಗೆ, ಆ ಒಂದನ್ನು ಒಂದೇ ಎಂದು.
ಒಂದು ಚಹಾದಷ್ಟು ದುಡ್ಡು.
ಬೇಲಿಯ ಗುರುತಿನ ಮೇಲೆ ಹೆಬ್ಬೆರಳಿಟ್ಟು, ಎತ್ತಿ,
ಉಸಿರು ಹಿಡಿದು
ಅವನ ಜೇಬಿಗೆ ಕಿವಿಗೊಟ್ಟು ನಿಂತೆ.